ಖಾಲಿ ಕೊಡಬಾರದ ಡಬ್ಬಿ

ಮುಂಬೈ ಪಕ್ಕದ ಠಾಣೆ ಸ್ಟೇಷನ್ನಿನಲ್ಲಿ ಐರೋಲಿ ಕಡೆಯ ಲೋಕಲ್ ರೈಲು ಇನ್ನೂ ಹೊರಟಿರಲಿಲ್ಲ. ನನ್ನೆದುರಿನ ಸೀಟಿನಲ್ಲಿ ಮಂಗಳೂರು ಕಡೆಯ ತಾಯಿ ಮತ್ತು ಕಾಲೇಜು ಮುಗಿಸಿದ ಮಗಳು ಕೂತಿದ್ದರು. ಮಗಳ ತೊಡೆಯ ಮೇಲೆ ವಿದೇಶಾಂಗ ಸೇವೆಯ ಪರೀಕ್ಷೆಗೆ ಓದುವ ದಪ್ಪ ಪುಸ್ತಕವಿತ್ತು. ನಾನು ಕಿಟಕಿಯಾಚೆ ನೋಡುತ್ತಾ ಕಿವಿಯನ್ನು ಅವರಿಗೇ ಕೊಟ್ಟಿದ್ದೆ.

“ಈ ರಾಯಭಾರಿಗೆ ಅಲ್ಲಿ ಎಂತ ಕೆಲಸ ಮಾನಸಿ?”

“ನಮ್ಮ ಮಾತು ಅವರಿಗೆ ಹೇಳುವುದು. ಅವರ ಮನಸ್ಸಲ್ಲಿ ಏನುಂಟು ಅಂತ ನಮಗೆ ತಿಳಿಸುವುದು.”

“ಎರಡು ದೇಶಕ್ಕೆ ಜಗಳ ಆದರೆ?”

“ಸಿಟ್ಟು ಜಾಸ್ತಿಯಾದರೆ ಅವನನ್ನು ವಾಪಸ್ ಕರೆಸ್ತಾರೆ.”

“ಜಗಳ ಆದಾಗಲೇ ಅಲ್ವಾ ಅವನು ಅಲ್ಲಿ ಬೇಕಾದದ್ದು?”

“ಅದು ನಾರಾಜಿ ತೋರಿಸಲಿಕ್ಕೆ ಅಮ್ಮ. ನೀನೂ ಹಾಗೇ ಮಾಡಿದ್ದಲ್ವಾ? ಚೆನ್ನಯ ಮಾವನ ಹತ್ತಿರ ಮಾತು ಬಿಟ್ಟ ಮೇಲೆ ನನ್ನನ್ನು ಕಳಂಬೋಲಿಗೆ ಅವರ ಮನೆಗೆ ಕಳಿಸುವುದೇ ಬಂದ್.”

ರೈಲು ಹೊರಟಿತು. ತಾಯಿ ಮಗಳ ಕಡೆ ತಿರುಗಿದರು.

“ಮತ್ತೆ ರಾಯಭಾರಿಯನ್ನು ಯಾರು ಮೊದಲು ಕಳಿಸುವುದು?”

“ಕೋಯಿ ಭೀ, ಯಾರಾದರೂ ಆದೀತು. ಒಂದು ನೆಪ ಸಿಕ್ಕಿದರೆ ಸಾಕು.”

“ಅಣ್ಣನ ಮನೆಯ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಂಟು. ಡಬ್ಬಿ ಖಾಲಿ ಕೊಡಬಾರದು. ಭಾನುವಾರ ಪತ್ರೊಡೆ ಮಾಡಿ ತುಂಬಿಸ್ತೇನೆ, ನೀನೇ ತೆಗೊಂಡು ಹೋಗು.”

“ಸಾರಿ ಅಂತ ಹೇಳಲಾ?”

“ಸಾರಿ ಗೀರಿ ಬೇಡ. ಡಬ್ಬಿ ಕೊಡಲಿಕ್ಕೆ ಬಂದೆ ಅಂತ ಹೇಳು.”

“ಮಾವ ಏನೂ ಮಾತಾಡದಿದ್ದರೆ?”

ಐರೋಲಿ ಬಂತು. ತಾಯಿ ಎದ್ದು ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆದರು.

“ನಮ್ಮದೂ ಒಂದು ಡಬ್ಬಿ ಅವನಲ್ಲಿ ಉಂಟು. ಅದನ್ನು ಖಾಲಿ ಕೊಟ್ಟು ಕಳಿಸ್ತಾನಾ ಅಂತ ನೋಡಿಕೊಂಡು ಬಾ.”