ತಟ್ಟೆ ತೊಳೆದ ನೀರು

ಹಲೋ… ಹಲೋ, ಯಾರು ಮಾತಾಡ್ತಿರೋದು? ನಂಬರ್ ಗೊತ್ತಾಗ್ಲಿಲ್ಲ… ಸ್ವಲ್ಪ ಜೋರಾಗಿ ಮಾತಾಡಿ, ಹಿಂದೆ ಲಾರಿ ಸದ್ದು…

ಹಾಂ, ದೀಪಶ್ರೀನೇ. ಮೈಸೂರಿಂದ. ತಾವು ಯಾರು?…

ಅಯ್ಯೋ, ಮಾವ! ಷಡಕ್ಷರಿ ಮಾವ! ಇದ್ಯಾರ ಫೋನು?… ಮಂಡಿ ಪಕ್ಕದ ಅಂಗಡಿಯೋರ್ದಾ? ನಿಮ್ ಫೋನ್ ಏನಾಯ್ತು?… ಆಫ್ ಮಾಡಿಟ್ಟಿದೀರಾ? ಯಾಕ್ ಮಾವ?…

ಹಾಂ… ಹಾಂ… ತೀರ್ಥಮ್ಮತ್ತೆ ಫೋನ್ ತೆಗೆದ್ರೆ ಜನ ಏನಂತ ಕೇಳ್ತಾರೆ? "ಯಜಮಾನ್ರು ಯಾವಾಗ ಹೋದ್ರು" ಅಂತಾನಾ?…

ನಾನೇ ಮಾಡ್ಬೇಕಂತಿದ್ದೆ, ನಿಮ್ಮಾಣೆ. ಮುಖ ಇರ್ಲಿಲ್ಲ. ಕೇಳಿಸ್ಕೊಳ್ಳಿ ಮಾವ, ಏನಾಯ್ತು ಅಂತ ಹೇಳ್ತೀನಿ. ನಾವು ಮಾಡೋ ಕಾರ್ಟೂನ್ ಸೀರಿಯಲ್ಲು, 'ಹತ್ತು ಜನರ ಮನೆ', ಭಾನುವಾರ ಬೆಳಗ್ಗೆ ಬರುತ್ತಲ್ಲ, ಅದರಲ್ಲಿ ಮನೆ, ಗೋಡೆ, ಬೀದಿ ಎಲ್ಲ ಬರೆಯೋಳು ನಾನು. ಹಜಾರದ ಗೋಡೇಲಿ ಎರಡು ಫೋಟೋ ಇದಾವೆ. ಒಂದು ತೀರ್ಕೊಂಡಿರೋ ಮುತ್ತಜ್ಜಂದು. ಇನ್ನೊಂದು ಮನೆ ಅಜ್ಜಂದೇ, ವಯಸ್ಸಲ್ಲಿದ್ದಾಗಿಂದು. ಅದನ್ನ ನಿಮ್ ಮದುವೆ ಫೋಟೋ ನೋಡ್ಕೊಂಡು ಬರ್ದಿದ್ದೆ… ಹೂಂ, ಪೇಟ ವಾರೆ ಆಗಿರೋದೇ. ಹಾರ ಮುತ್ತಜ್ಜಂಗೆ ಬೀಳ್ಬೇಕಿತ್ತು. ಕಂಪ್ಯೂಟರಲ್ಲಿ ಹಾರನ ಬೇರೆಯಾಗಿ ಬರ್ದು ಮೇಲೆ ಇಡ್ತೀವಿ, ಅದು ಪಕ್ಕಕ್ಕೆ ಸರಿದು ನಿಮ್ಮ ಮೇಲೆ ಬಿತ್ತು. ನಾನು ನೋಡ್ಲಿಲ್ಲ, ಯಾರೂ ನೋಡ್ಲಿಲ್ಲ, ಹಂಗೇ ಟೀವೀಲಿ ಹೋಯ್ತು…

ಬೇಕಂತ ಯಾರಾದ್ರೂ ಮಾಡ್ತಾರಾ ಮಾವ?…

ಅದನ್ನ ಹಿಡಿದಿದ್ದು ಕಡೂರಿನ ದುಷ್ಯಂತ್ ಅಂತ ಒಬ್ರು. ನಮ್ ಸೀರಿಯಲ್ಲಲ್ಲಿ ಬಚ್ಚಿಟ್ಟಿರೋ ಗುರುತು, ಆಗಿರೋ ತಪ್ಪು, ಎಲ್ಲಾ ಹುಡುಕಿ ವಿಡಿಯೋ ಹಾಕ್ತಾರೆ. ಬಸ್ಸಿನ ಬೋರ್ಡಲ್ಲಿ ಸಣ್ಣಕ್ಷರದಲ್ಲಿ ಅಜ್ಜಂಪುರ ಅಂತ ಬರ್ದಿದ್ದೆ, ಹಿಡಿದ್ರು. ನಿಮ್ಮನೆ ಗಡಿಯಾರ ಸದಾ ಮುಂದೆ ಓಡುತ್ತಲ್ಲ, ಅಲ್ಲೂ ಹಂಗೇ ಬರ್ದಿದೀನಿ, ಅದನ್ನೂ ಹಿಡಿದ್ರು. ಅಮೃತಮಹಲ್ ಹೋರಿಗೆ ಒಂದ್ ಸೀನಲ್ಲಿ ಮೂರು ಕೊಂಬು ಬಂದ್ಬಿಟ್ಟಿತ್ತು, ಅದನ್ನ ತೋರ್ಸಿ ಊರೆಲ್ಲ ನಗ್ಸಿದ್ರು. ಈ ಸಲ ನಿಮ್ ಫೋಟೋ ದೊಡ್ಡದು ಮಾಡಿ, ಸುತ್ತ ಕೆಂಪು ಗೆರೆ ಎಳ್ದು, "ಅಜ್ಜ ಅಲ್ಲೇ ಕಾಫಿ ಕುಡೀತಿದಾರೆ, ಫೋಟೋಗೆ ಹಾರ ಯಾಕೆ" ಅಂದ್ರು. ಕೆಳಗೆ ಯಾರೋ ಬರ್ದ್ರು, ಇವ್ರು ಅಜ್ಜಂಪುರದ ಈರುಳ್ಳಿ ಮಂಡಿ ಷಡಕ್ಷರಿಯವರಲ್ವಾ, ಪಾಪ ಯಾವಾಗ ಹೋದ್ರು ಅಂತ…

ಯಾರು? ಸಂಗೀತಾನ ಕೊಡೋ ಮನೆ ಬೀಗರೇ ಬಂದ್ಬಿಟ್ರಾ, ಮೃತ್ಯುಂಜಯ ಅವ್ರು? ತರೀಕೆರೆಯಿಂದ, ಹಾರ ಹಿಡ್ಕೊಂಡಾ?… ನೀವು ಜಗಲೀಲಿ ಕೂತು ಪೇಪರ್ ಓದ್ತಿದ್ರಾ!… ಆ ಹಾರ ಏನ್ ಮಾಡಿದ್ರಿ?… ದೇವರಿಗೆ ಹಾಕಿದ್ರಾ…

ನಕ್ಕಿದ್ದಕ್ಕೆ ತಪ್ಪು ತಿಳ್ಕೋಬೇಡಿ. ನೀವೂ ನಗ್ತಿದೀರಿ ಅಂದ್ಕೊಂಡೆ…

ಹಾಂ. ಕೇಳಿ ಮಾವ, ಏನ್ ಬೇಕಾದ್ರೂ ಕೇಳಿ…

ಯಾವ ಅಜ್ಜ? ಸೀರಿಯಲ್ಲಿಂದಾ?… ಜಿಪುಣಜ್ಜ… ಅದು ಕಥೆ ಮಾವ. ಎಲ್ರೂ ಕೂತು ಮಾಡೋದು. ಒಬ್ರು ಒಂದ್ ಹೇಳ್ತಾರೆ, ಇನ್ನೊಬ್ರು ಅದಕ್ಕೆ ಇನ್ನೊಂದು ಸೇರಿಸ್ತಾರೆ…

ಅಲ್ಲ, ಹಂಗಲ್ಲ…

ಹೌದು. ಕಿವೀಲಿ ಬಸ್ ಟಿಕೆಟ್ ಸಿಗ್ಸೋದು ನಿಮ್ದೇ. ಈರುಳ್ಳಿ ಮೂಸಿ ಕಣ್ಮುಚ್ಚೋದು ನಿಮ್ದೇ… ಹೌದು ಮಾವ. ಆ ಅಜ್ಜ ನೀವೇ.

ನೀವು ನೋಡ್ತಿದ್ರಾ? ಎಲ್ಲಾ ಭಾನುವಾರಾನೂ?… ಮನೇಲಲ್ವಾ? ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ, ಎಲ್ರನ್ನೂ ಕೂರಿಸ್ಕೊಂಡು… "ನಮ್ ಹುಡುಗಿ ಬರ್ದಿರೋದು ಕಣ್ರೋ" ಅಂತ ಹೇಳ್ಕೊಂಡು…

ನೀವೂ ನಕ್ರಾ? ಆ ಮುದುಕನ್ನ ನೋಡಿ?… ಎಲ್ರಿಗಿಂತ ಜೋರಾಗಿ…

ಅಯ್ಯೋ ಶಿವನೇ. ಬೈಯ್ರಿ ಮಾವ, ಬೈದ್ಬಿಡಿ. ಹಿಂಗೆ ಮೆಲ್ಲಗೆ ಮಾತಾಡ್ಬೇಡಿ…

ತಟ್ಟೇದಾ?… ಗೊತ್ತು. ಯಾವ್ದು ಅಂತ ಗೊತ್ತು…

ಪ್ರತಿ ವಾರಾನೂ ಬರುತ್ತೆ, ಹೂಂ. ಊಟ ಆದ್ಮೇಲೆ ಅಜ್ಜ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳ್ದು, ಗಟಗಟ ಕುಡೀತಾನೆ. ಸೊಸೆ ಹಣೆ ಚಚ್ಕೋತಾಳೆ. ಹಿಂದ್ಗಡೆ ನಗೋ ಸದ್ದು ಹಾಕ್ತಾರೆ. ಅದು ನಾನೇ ಹೇಳ್ಕೊಟ್ಟಿದ್ದು. "ಇವನ ಜಿಪುಣತನ ಹೆಂಗೆ ತೋರ್ಸೋಣ" ಅಂತ ಮಾಲಿನಿ ಮೇಡಂ ಕೇಳಿದ್ರು, ಕಥೆ ಎಲ್ಲ ಅವ್ರ ಕೈಲೇ ಇರೋದು. "ನಮ್ ಮಾವ ತಟ್ಟೆ ತೊಳ್ದ ನೀರನ್ನೂ ಬಿಡಲ್ಲ" ಅಂದ್ಬಿಟ್ಟೆ. ಎಲ್ರೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ…

ಇಲ್ಲ, ಹೇಳ್ಲಿಲ್ಲ. ಎಡೆ ಅಂದ್ರೆ ನಮಗೆ ಪ್ರಸಾದ, ಒಂದ್ ಅಗುಳೂ ಮೋರಿಗೆ ಹೋಗ್ಬಾರ್ದು, ಅದಕ್ಕೇ ತೊಳ್ದು ಕುಡಿಯೋದು ಅಂತ ಹೇಳ್ಲಿಲ್ಲ… ಗೊತ್ತಿಲ್ದೆ ಏನ್ ಮಾವ? ನೀವೇ ಕಲ್ಸಿದ್ದಲ್ವಾ, ಅಪ್ಪ ಹೋದ್ಮೇಲೆ ನಿಮ್ಮನೆಗೆ ಬಂದ ಹೊಸದ್ರಲ್ಲಿ, ಪಕ್ಕ ಕೂರಿಸ್ಕೊಂಡು. ಬಾಯಿಗೆ ಬಂತು. ಆದ್ರೆ ನನ್ ಮಾತಿಗೆ ನಗ್ತಿದ್ರಲ್ಲ ಎಲ್ರೂ. ಅಲ್ಲೀವರ್ಗೂ ಅಲ್ಲಿ ಯಾರೂ ನನ್ನ ತಿರುಗಿ ನೋಡಿರ್ಲಿಲ್ಲ…

ವಿಭೂತಿನಾ?… ಮೊದ್ಲು ಬರ್ದಿದ್ದೆ ಅಜ್ಜನ ಹಣೆಗೆ. ಟೀವಿಯೋರು ಯಾವ ಗುರುತೂ ಬೇಡ ಅಂದ್ರು, ಅಳಿಸ್ದೆ. ವಿಭೂತಿ ಅಳ್ಸಿ ತಟ್ಟೆ ಉಳಿಸ್ಕೊಂಡೆ. ಆಮೇಲೆ ನೋಡೋರ್ಗೆ ಅದು ಜಿಪುಣತನ ಅಲ್ದೆ ಇನ್ನೇನ್ ಕಾಣುತ್ತೆ?…

ಏನಂದ್ರಿ?… ನಾನಾ? ಇಲ್ಲಿ ಮೆಸ್ಸಲ್ಲಾ?…

…ಇಲ್ಲ. ಕುಡಿಯಲ್ಲ.

ಬಂದ ದಿನವೇ ಬಿಟ್ಟೆ. ರೂಮಿನ ತನುಜಾ ಎದುರಿಗೆ ಕೂತಿದ್ಲು. ಪಾಪ, ಅವ್ಳೇನೂ ಅನ್ಲಿಲ್ಲ. ನಾನು ತಟ್ಟೆಗೆ ನೀರು ಬಗ್ಗಿಸೋಕೆ ಹೋದೆ, ಅವ್ಳು ನನ್ ಕೈ ನೋಡಿದ್ಲು, ಅಷ್ಟೇ. ಎದ್ದೋಗಿ ಎಲ್ಲಾ ಬಕೆಟ್ಟಿಗೆ ಸುರ್ದ್ಬಿಟ್ಟೆ. ನಾಚ್ಕೆ ಆಯ್ತು. ನಿಮ್ ಬಗ್ಗೆ ಅಲ್ಲ ಮಾವ… ಅಲ್ಲ, ಅದೂ ಸುಳ್ಳೇ. ನಿಮ್ ಥರ ಕಾಣ್ತೀನಿ ಅಂತಾನೇ ನಾಚ್ಕೆ ಆಗಿದ್ದು. ಈಗ ಅದನ್ನ ನೆನೆಸ್ಕೊಂಡ್ರೆ ಭೂಮಿಗಿಳಿದು ಹೋಗೋಣ ಅನ್ಸುತ್ತೆ…

ಅಳ್ತಿಲ್ಲ. ಹೇಳಿ… ಮಠದಲ್ಲಾ? ಇವತ್ತಾ?… ಪಂಕ್ತೀಲಿ ಎದುರಿಗೆ ಕೂತಿದ್ದ ಮಕ್ಕಳು… "ಜಿಪುಣಜ್ಜ, ಜಿಪುಣಜ್ಜ" ಅಂದ್ವಾ… ದೊಡ್ಡೋರು ಗದರ್ಲಿಲ್ವಾ?… ಅವ್ರೂ ನಕ್ರಾ…

ಆಮೇಲೆ? ನೀವೇನ್ ಮಾಡಿದ್ರಿ?…

ತೆಂಗಿನ ಬುಡಕ್ಕೆ ಚೆಲ್ಲಿದ್ರಾ? ನೀವಾ, ಮಾವ? ಜ್ವರ ಬಂದು ಮಲ್ಗಿದ್ದಾಗ್ಲೂ ಎದ್ದು ಕೂತು ತೊಳ್ದು ಕುಡಿದೋರು ನೀವು…

ಹಾಂ, ಇದೀನಿ. ಲೈನಲ್ಲೇ ಇದೀನಿ. ಹೇಳಿ…

ಸಂಗೀತಾ ನಿಶ್ಚಿತಾರ್ಥ, ಹೂಂ, ಈ ಭಾನುವಾರ. ಬೀಗರ ಮನೇಲೇ ಊಟ… ಅವ್ರ ಮನೇಲಿ ಈಗ ಯಾರೂ ತೊಳ್ದು ಕುಡಿಯಲ್ವಾ… ಸೀರಿಯಲ್ ಮಾತ್ರ ಎಲ್ರೂ ನೋಡ್ತಾರಾ… ಅವ್ರೆಲ್ರ ಮುಂದೆ ಕುಡೀಲೋ, ಬೇಡ್ವೋ ಅಂತಾನಾ? ಮಗಳಿಗೆ ಮುಜುಗರ ಆಗುತ್ತೇನೋ ಅಂತ… ಮಾವ, ಇದನ್ನ ನೀವು ನನ್ನ ಕೇಳೋದಾ? ನಾನು ಹೇಳೋದಾ ನಿಮಗೆ?…

ಕುಡೀರಿ. ಕುಡೀಲೇಬೇಕು. ನಾನು ಬತ್ತೀನಿ ಮಾವ, ಶನಿವಾರದ ರೈಲಿಗೇ ಬತ್ತೀನಿ. ಪಂಕ್ತೀಲಿ ನಿಮ್ ಪಕ್ಕ ಕೂತ್ಕೋತೀನಿ. ನಿಮಗಿಂತ ಮುಂಚೆ ನಾನೇ ತಟ್ಟೆಗೆ ನೀರು ಹಾಕ್ಕೋತೀನಿ. ಯಾರ್ ನಗೋದಿದ್ರೂ ನನ್ನ ನೋಡಿ ನಗ್ಲಿ. ಯಾಕೆ ಅಂತ ಕೇಳಿದ್ರೆ ಬಾಯ್ಬಿಟ್ಟು ಹೇಳ್ತೀನಿ, ಅವತ್ತು ಹೇಳ್ದೇ ಇದ್ದಿದ್ದನ್ನ… ಮಾತಾಡಿ ಮಾವ. ಬರ್ಲಾ?…

ಹಾಂ? ಈ ಭಾನುವಾರದ್ದಾ?…

ಹೂಂ, ಬರುತ್ತೆ. ಬೆಳಗ್ಗೇನೇ, ಊಟಕ್ಕೆ ಮುಂಚೆ… ಮದುವೆ ಮನೆ ಕಥೆ… ಇಲ್ಲ ಮಾವ, ನಿನ್ನೇನೇ ಟೀವಿಯೋರಿಗೆ ಕಳ್ಸಾಯ್ತು, ಇನ್ನು ನನ್ ಕೈಲಿಲ್ಲ…

ಹಾರ ತೆಗೆದೆ ಮಾವ. ಫೋಟೋದಿಂದ ಹಾರ ತೆಗ್ದೇ ಕಳ್ಸಿದ್ದು, ಇನ್ನೊಂದ್ಸಲ ನೋಡಿ, ಮತ್ತೊಂದ್ಸಲ ನೋಡಿ ಕಳ್ಸಿದೆ…

ತಟ್ಟೆ ಹಂಗೇ ಇದೆ…

ಮಾವ?… ಹಲೋ?… ಮಾವ, ಕೇಳಿಸ್ತಿದೆಯಾ?… ಹಲೋ…