ರೋಮ್‌ನ ಸ್ಲೈಡುಗಳು

೧೯೭೪. ಅಮೆರಿಕದ ಸಿಲ್ವರ್ ಸ್ಪ್ರಿಂಗ್‌ನ ಡ್ರಗ್‌ಸ್ಟೋರ್‌ನಲ್ಲಿ, ಫೋಟೋ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಕನ್ನಡದ ಡಾಕ್ಟರು, ಅವರ ಹೆಂಡತಿ. ತೊಳೆಸಿದ ಸ್ಲೈಡುಗಳ ಡಬ್ಬಿ ಆಗತಾನೇ ಅವರ ಕೈಗೆ ಬಂದಿತ್ತು.

"ಸಾಯಂಕಾಲ ಎಲ್ಲರೂ ಬರ್ತಾರೆ ಜಯಾ. ಪ್ರೊಜೆಕ್ಟರ್ ನಾನು ಆಪರೇಟ್ ಮಾಡ್ತೀನಿ, ರೋಮ್ ಬಗ್ಗೆ ನೀನು ಹೇಳು."

"ನಾನೇನ್ರೀ ಹೇಳ್ಲಿ? ಮೂರು ದಿನಾನೂ ಹೋಟೆಲ್ ರೂಮಲ್ಲೇ ಇದ್ದೆ."

"ಇಂಡಿಯಾಗೆ ತಗೊಂಡು ಹೋಗ್ತಿದ್ದ ಒಡವೆ, ನನ್ನ ತಂಗಿ ಮದುವೇದು. ಯಾರಾದ್ರೂ ಕಾಯಬೇಕಿತ್ತಲ್ಲ."

"ಒಂದು ದಿನ ನೀವು ಕಾಯಬಹುದಿತ್ತು."

"ನಂಗೆ ಕಾನ್ಫರೆನ್ಸ್ ಇತ್ತು."

"ಕಲೋಸಿಯಂ ಒಳಗಾ?"

"ಕಾನ್ಫರೆನ್ಸಿನವರೇ ಬಸ್ಸಲ್ಲಿ ಕರ್ಕೊಂಡು ಹೋದ್ರು ಕಣೇ. ಎಷ್ಟು ಸಲ ಹೇಳ್ಲಿ?"

"ಒಂದು ಫೋಟೋದಲ್ಲೂ ನೀನಿಲ್ವಲ್ಲ ಅಂತ ಸಾಯಂಕಾಲ ಬಂದಾಗ ಶಾರದಾ ಕೇಳೇ ಕೇಳ್ತಾಳೆ."

"ತೆಗೆದೋಳೇ ನಾನು ಅಂದ್ಬಿಡು."

ಆಕೆ ಒಂದೊಂದೇ ಸ್ಲೈಡನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಒಂದರಲ್ಲಿ ಕೈ ನಿಂತಿತು.

"ಇದರಲ್ಲಿ ಇದೀನಿ ನೋಡಿ. ಬಸ್ ಹತ್ತೋ ಮುಂಚೆ ಯಾರ ಕೈಲೋ ತೆಗೆಸ್ಕೊಂಡಿದೀರಿ. ನಿಮ್ಮ ಹಿಂದೆ ನಮ್ಮ ಹೋಟೆಲ್. ಮೂರನೇ ಮಹಡಿ ಕಿಟಕೀಲಿ ನಾನು."

ಡಾಕ್ಟರು ಇಸಕೊಂಡು, ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು.

"ಇದು ಸರಿಯಾಗಿ ಬಂದಿಲ್ಲ."

ಆ ಒಂದು ಸ್ಲೈಡನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದರು. ಮಿಕ್ಕ ಸ್ಲೈಡುಗಳ ಡಬ್ಬಿ ಹಿಡಿದುಕೊಂಡು ಆಕೆ ಹಿಂದೆ ಹೋದರು.