ಬಟ್ಟೆ ಹಿಂಡುವ ಹಳೆಯ ಯಂತ್ರ ಕಳುವಾಗಿದೆ ಎಂಬ ನನ್ನ ದೂರನ್ನು ಹಿಂಪಡೆಯುವ ಬಗ್ಗೆ

ಹೆಸರು ಉಮಾಮಹೇಶ್ವರಿ, ದಿವಂಗತ ಕೊಟ್ರಪ್ಪನವರ ಪತ್ನಿ, ವಯಸ್ಸು 63, ನಿವೃತ್ತ ಗಣಿತ ಶಿಕ್ಷಕಿ, ವಾಸ ಮೈಲಾಪೂರ್, ಹಳೆ ನಂ. 9, ಹೊಸ ನಂ. 21, ನೆಲಮಹಡಿ. ತಮಿಳು ಮಾತಾಡಬಲ್ಲೆ, ಬರೆಯಲು ಬಾರದ ಕಾರಣ ಕನ್ನಡದಲ್ಲಿ ಹೇಳಿ ಮಗನಿಂದ ತಮಿಳಿನಲ್ಲಿ ಬರೆಸುತ್ತಿರುವುದೇನೆಂದರೆ:

ಹನ್ನೊಂದು ವರ್ಷಗಳಿಂದ ನಾನು ಹಳೆಯ ವಾಷಿಂಗ್ ಮಷೀನುಗಳನ್ನು ಸಂಗ್ರಹಿಸುತ್ತಿದ್ದೇನೆ. ಇವುಗಳ ತೊಟ್ಟಿಯ ಮೇಲೆ ಎರಡು ರಬ್ಬರ್ ಉರುಳೆಗಳಿದ್ದು, ಒದ್ದೆ ಬಟ್ಟೆ ಅವುಗಳ ನಡುವೆ ಹಾದು ಹಿಂಡಿಕೊಂಡು ಬರುತ್ತದೆ. ಐದನೆಯದನ್ನು ದಿನಾಂಕ 14.02.2024ರಂದು ಪ್ಯಾರೀಸ್ ಕಾರ್ನರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡೆ. ಹಲ್ಲುಚಕ್ರ ಮುರಿದು ಉರುಳೆ ತಿರುಗುತ್ತಿರಲಿಲ್ಲ. ಗೇಟಿನಿಂದ 11 ಅಡಿ ಒಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಇಟ್ಟಿದ್ದೆ.

ದಿನಾಂಕ 03.03.2024ರ ಬೆಳಿಗ್ಗೆ 9.20ಕ್ಕೆ ಪೆರಂಬೂರಿನ ತಮ್ಮಯ್ಯ, ವಯಸ್ಸು 72, ರೈಲ್ವೆ ವರ್ಕ್‌ಶಾಪಿನ ನಿವೃತ್ತ ಫಿಟ್ಟರ್, ಮೇಲಿನ ಮನೆಗೆ ಬಂದವರು ಯಂತ್ರದ ಮುಂದೆ ಇಪ್ಪತ್ತು ನಿಮಿಷ ನಿಂತರು. ನೂಲಿನಿಂದ ಅಳತೆ ತೆಗೆದರು. ಕೆಲಸ ಕಲಿಯುವ ದಿನಗಳಲ್ಲಿ ಇಂಥದೊಂದನ್ನು ರಿಪೇರಿ ಮಾಡಿದ್ದಾಗಿ ತಿಳಿಸಿ, ಇದನ್ನೂ ಮಾಡಲೇ ಎಂದು ಕೇಳಿದರು. ಒಲೆಯ ಮೇಲೆ ಹಾಲಿದ್ದುದರಿಂದ ಏನೋ ಉತ್ತರ ಹೇಳಿ ಒಳಗೆ ಹೋದೆ.

ದಿನಾಂಕ 09.03.2024ರಂದು ಮದುವೆಗೆಂದು ದಾವಣಗೆರೆಗೆ ಹೋಗಿ, ಈ ದಿನ ಬೆಳಿಗ್ಗೆ 6.40ಕ್ಕೆ ಮರಳಿದಾಗ ಯಂತ್ರ ಇರಲಿಲ್ಲ. ನೆಲದಲ್ಲಿ ಗೇಟಿನವರೆಗೆ ಎಳೆದ ಗುರುತಿತ್ತು. 8.15ಕ್ಕೆ ಠಾಣೆಗೆ ಬಂದು ದೂರು ಕೊಟ್ಟೆ. ಯಾರ ಮೇಲೆ ಸಂಶಯ ಎಂದು ಕೇಳಿದಾಗ ತಮ್ಮಯ್ಯನವರ ಹೆಸರು ಹೇಳಿದವಳು ನಾನೇ.

ಮೇಲಿನ ಮನೆಯವರಿಂದ ವಿಳಾಸ ಪಡೆದು 10.30ಕ್ಕೆ ಪೊಲೀಸರೊಂದಿಗೆ ಪೆರಂಬೂರಿಗೆ ಹೋದೆ. ಯಂತ್ರ ಅವರ ಮನೆಯ ಮುಂದೆ, ಓಣಿಯಲ್ಲಿ ಓಡುತ್ತಿತ್ತು. ಆರು ಹೆಂಗಸರು ಬಕೆಟ್ ಹಿಡಿದು ಸಾಲಾಗಿ ನಿಂತಿದ್ದರು. ಪೊಲೀಸರನ್ನು ಕಂಡು ಸಾಲು ಹಿಂದೆ ಸರಿಯಿತು, ಯಂತ್ರ ನಿಲ್ಲಲಿಲ್ಲ. ತಮ್ಮಯ್ಯನವರು ತಮ್ಮ ಪತ್ನಿ ಅಂಬುಜಮ್ಮನವರ ಸೀರೆಯನ್ನು ಉರುಳೆಗೆ ಕೊಟ್ಟಿದ್ದರು. ಅರ್ಧ ಸೀರೆ ಇನ್ನೂ ಈಚೆಗಿದೆ, ಅದು ಮುಗಿಯುವವರೆಗೆ ದಯವಿಟ್ಟು ಕಾಯಬೇಕೆಂದು ಕೇಳಿಕೊಂಡರು. ಹೆಡ್ ಕಾನ್‌ಸ್ಟೇಬಲ್ ಕಾದರು. ಸೀರೆ ಹಪ್ಪಳದಂತೆ ಚಪ್ಪಟೆಯಾಗಿ ಆಚೆಗೆ ಬಂತು.

ನಂತರ ತಮ್ಮಯ್ಯನವರು ನನ್ನ ಕಡೆ ತಿರುಗಿ, “ನಿಮ್ಮ ಕೈಲಾದ್ರೆ ತಗೊಂಡೋಗಿ ಓಡಿಸ್ಕೊಡಿ ಅಂತ ನೀವೇ ಹೇಳಿದ್ರಲ್ಲಮ್ಮಾ. ಲೇತ್‌ನಲ್ಲಿ ಚಕ್ರ ಕಡೆಸ್ದೆ. ನಿನ್ನೆ ಕುಟ್ಟಿಯಾನೆ ಗಾಡಿ, ಅದೇ ಸಣ್ಣ ಲಗೇಜ್ ಗಾಡಿ, ತಂದು ಬೆಲ್ ಮಾಡ್ದೆ, ಯಾರೂ ಇಲ್ಲ. ಗಾಡಿಯವನು ಅವಸರ ಮಾಡ್ದ” ಎಂದರು. ನಾನು ಹಾಗೆ ಹೇಳಿದ್ದು ಅಲ್ಲಿಯೇ ನೆನಪಾಯಿತು.

ಆದರೂ ಅವರನ್ನು ಠಾಣೆಗೆ ಕರೆತರಲಾಯಿತು. 11.50ರಿಂದ ಬೆಂಚಿನ ಮೇಲೆ ಕುಳಿತಿದ್ದಾರೆ. ನಾನು ಕ್ಷಮೆ ಕೇಳಿದೆ. ಅವರು ಕೇಳಿದ್ದು, ಯಂತ್ರವನ್ನು ಯಾರಾದರೂ ನೆರಳಿಗೆ ಎಳೆದಿದ್ದಾರೆಯೇ, ಬಿಸಿಲಿಗೆ ರಬ್ಬರ್ ಬಿರಿಯುತ್ತದೆ ಎಂದು ಮಾತ್ರ. ಅಂಬುಜಮ್ಮನವರಿಗೆ ಫೋನ್ ಮಾಡಿ ವಿಚಾರಿಸಿ, ಎಳೆದಿದ್ದಾರೆಂದು ತಿಳಿಸಿದೆ.

ನನ್ನ ಐದು ಯಂತ್ರಗಳಲ್ಲಿ ಒಂದು ಓಡಿದ್ದನ್ನು ನಾನು ಕಂಡದ್ದು ಇದೇ ಮೊದಲು. ತಮ್ಮಯ್ಯನವರ ಮೇಲೆ ಯಾವುದೇ ಕ್ರಮ ಬೇಡ, ಅವರನ್ನು ಈಗಲೇ ಮನೆಗೆ ಬಿಡಬೇಕಾಗಿ ಕೋರುತ್ತೇನೆ. ಸಾಲಿನಲ್ಲಿದ್ದವರ ಬಟ್ಟೆ ಬಾಕಿ ಇರುವುದರಿಂದ ಯಂತ್ರ ಭಾನುವಾರದವರೆಗೆ ಅಲ್ಲಿಯೇ ಇರಲಿ. ಉಳಿದ ನಾಲ್ಕನ್ನೂ ಒಂದೊಂದಾಗಿ ತಮ್ಮಯ್ಯನವರು ರಿಪೇರಿಗೆ ಒಯ್ಯುತ್ತಾರೆ. ಅವು ಮನೆಯಲ್ಲಿ ಕಾಣದಿದ್ದರೆ ನಾನು ಠಾಣೆಗೆ ಬರುವುದಿಲ್ಲ.

ಬರೆದದ್ದನ್ನು ಮಗ ಶಿವಕಿರಣ್ ಕನ್ನಡದಲ್ಲಿ ಓದಿ ಹೇಳಿದ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಚೆನ್ನೈ
ದಿನಾಂಕ: 12.03.2024, ಮಧ್ಯಾಹ್ನ 1.35
(ಸಹಿ) ಉಮಾಮಹೇಶ್ವರಿ